ಪೋಸ್ಟ್‌ಫಿಕ್ಸ್‌ನ ಹೋಸ್ಟ್‌ನೇಮ್ ಫಿಲ್ಟರ್: ಮೂರು ವರ್ಷ ಬಳಸಿದ ಮೇಲೆ

ಹುಬ್ಬಳ್ಳಿಯ ಗೋಕುಲ ರೋಡ್‌ನಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಖಾರ ಕುಟ್ಟುವ ಮಷಿನ್‌ಗಳ ಬಿಡಿಭಾಗ ಮಾಡುತ್ತೇವೆ. ಮೇಲ್ ಸರ್ವರ್ ಉಸಾಬರಿಯೂ ನನ್ನ ತಲೆಗೇ ಬಿದ್ದಿದೆ. ಮೂರು ವರ್ಷದಿಂದ ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸರ್ವರ್ ಸಾಫ್ಟ್‌ವೇರ್ ಓಡುತ್ತಿದೆ, ಪೈಸೆ ಖರ್ಚಿಲ್ಲ. ಮೇಲ್ ತಂದ ಸರ್ವರಿನ ಹೋಸ್ಟ್‌ನೇಮ್, ಅಂದರೆ ನೆಟ್‌ನಲ್ಲಿ ಅದಕ್ಕಿರುವ ಹೆಸರು, ನೋಡಿ ಬಾಗಿಲಲ್ಲೇ ತಡೆಯುವ ಸೌಲಭ್ಯ ಅದರಲ್ಲಿದೆ. ಅದರ ಬಗ್ಗೆಯಷ್ಟೇ ಇಲ್ಲಿ ಹೇಳುತ್ತೇನೆ.

ವೈರಸ್ ಹತ್ತಿದ ಮನೆ ಕಂಪ್ಯೂಟರ್‌ಗಳು ನೇರವಾಗಿ ಸ್ಪ್ಯಾಮ್ ಕಳಿಸುತ್ತವೆ. ಅಂಥ ಕನೆಕ್ಷನ್‌ಗಳ ಹೆಸರಲ್ಲಿ ಐಪಿ ಅಂಕಿ (ನೆಟ್‌ನಲ್ಲಿನ ಅಂಕಿ ವಿಳಾಸ), ‘ಡೈನಮಿಕ್’, ‘ಪೂಲ್’ ಅಂತೆಲ್ಲ ಇರುವುದು ಜಾಸ್ತಿ. ಈ ಪದ ಹಿಡಿದರೆ ಮುಗೀತು ಅಂದುಕೊಂಡೆ. ಮೊದಲ ವಾರ ಇನ್‌ಬಾಕ್ಸ್ ಸ್ವಚ್ಛ. ಎರಡನೇ ವಾರ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಫೋನ್.

“ಅಲ್ರೀ, ಎರಡು ಸಲ ಆರ್ಡರ್ ಕಳಿಸೀನಿ, ಎರಡೂ ಸಲ ವಾಪಸ್ ಬಂದೈತಿ. ನಮ್ಮ ವ್ಯಾಪಾರ ಬ್ಯಾಡೇನ್ರಿ ನಿಮಗ?”

ಲಾಗ್ (ಸರ್ವರ್ ತಾನೇ ಬರೆದಿಡುವ ದಾಖಲೆ) ತೆಗೆದು ನೋಡಿದೆ. ಅವರ ಸರ್ವರ್ ಹೆಸರಲ್ಲಿ ‘ಮೇಲ್‌ಸ್ಪೂಲ್’ ಇತ್ತು. ಸ್ಪೂಲ್ ಒಳಗೇ ಪೂಲ್ ಕೂತಿದೆ, ಅಲ್ವಾ! ತಪ್ಪು ಪೋಸ್ಟ್‌ಫಿಕ್ಸ್‌ನದಲ್ಲ, ನನ್ನದೇ. ಈಗ ಪದದ ಎರಡೂ ಬದಿ ಚುಕ್ಕಿ, ಹೈಫನ್ ಅಥವಾ ಅಂಕಿ ಇದ್ದರೆ ಮಾತ್ರ ಹಿಡಿಯುವಂತೆ ಬರೆದಿದ್ದೇನೆ.

ಇನ್ನೊಂದು ಪಾಠವೂ ಅವತ್ತೇ ಆಯ್ತು. ಯಾವ ಹೆಸರಿಗೆ ಏನು ಮಾಡಬೇಕು ಅಂತ ಬರೆದಿಡುವ ಟೇಬಲ್‌ನಲ್ಲಿ ಸುಮ್ನೆ ‘ರಿಜೆಕ್ಟ್’ ಅಂದರೆ ಹೋಗುವ ಉತ್ತರ 554, ಅಂದರೆ ಮತ್ತೆ ಬರಬೇಡ. ಅದರ ಬದಲು 450 ಬರೆದರೆ ‘ಆಮೇಲೆ ಬಾ’ ಅಂದಂತೆ. ಸ್ಪ್ಯಾಮ್ ಬಾಟ್‌ಗಳು ಬಹಳ ಸಲ ತಿರುಗಿ ಬರುವುದಿಲ್ಲ. ನಿಜವಾದ ಸರ್ವರ್ ಕಾಯುತ್ತದೆ. ಪೋಸ್ಟ್‌ಫಿಕ್ಸ್ ಆದರೆ ಡೀಫಾಲ್ಟ್ ಆಗಿ 5 ದಿನ ಪ್ರಯತ್ನ ಬಿಡುವುದಿಲ್ಲ. ಅಷ್ಟರಲ್ಲಿ ನನ್ನ ತಪ್ಪು ತಿದ್ದಿದರೆ ಆರ್ಡರ್ ತಾನಾಗೇ ಬಂದು ಬೀಳುತ್ತದೆ.

ನನಗೆ ಬಹಳ ಹಿಡಿಸಿದ್ದು ‘ವಾರ್ನ್ ಇಫ್ ರಿಜೆಕ್ಟ್’. ಹೊಸ ಪ್ಯಾಟರ್ನ್‌ಗಳ (ಹಿಡಿಯಬೇಕಾದ ಪದಗಳ) ಫೈಲ್ ಬೇರೆ ಇಟ್ಟು, ಆ ನಿಯಮದ ಮುಂದೆ ಇದನ್ನು ಹಾಕುತ್ತೇನೆ. ಮೇಲ್ ಒಳಗೆ ಬರುತ್ತದೆ, ಯಾವುದಕ್ಕೆ ಏಟು ಬೀಳುತ್ತಿತ್ತು ಅನ್ನುವುದು ಲಾಗ್‌ನಲ್ಲಿ ಕಾಣುತ್ತದೆ. ಎರಡು ವಾರ ನೋಡಿ ಆಮೇಲೆ ನಿಜವಾಗಿ ಹಚ್ಚುತ್ತೇನೆ. ಹೆಸರಿನಿಂದ ಐಪಿ, ಐಪಿಯಿಂದ ಹೆಸರು ಎರಡೂ ತಾಳೆಯಾಗಲೇಬೇಕು ಅನ್ನುವ ಬಿಗಿ ನಿಯಮ ಮಾತ್ರ ಕೈಬಿಟ್ಟೆ. ನಮ್ಮ ಗಿರಾಕಿಗಳಲ್ಲೇ ಎಷ್ಟೋ ಜನರ ಸರ್ವರ್ ಅದರಲ್ಲಿ ಫೇಲ್.

ಉಚಿತ ಮೇಲ್ ಖಾತೆಗಳಿಂದ ಬರುವ ಸ್ಪ್ಯಾಮ್‌ಗೆ ಇದು ಏನೂ ಮಾಡದು, ಆ ಸರ್ವರ್‌ಗಳ ಹೆಸರು ಶುದ್ಧವಾಗಿಯೇ ಇರುತ್ತದೆ. ಅದಕ್ಕೆ ಬೇರೆ ಫಿಲ್ಟರ್ ಬೇಕು. ಐದಕ್ಕೆ ನಾಲ್ಕು ಸ್ಟಾರ್. ಬ್ಯಾಡಗಿಯವರ ಸರ್ವರ್ ಈಗ ನನ್ನ ವೈಟ್‌ಲಿಸ್ಟ್‌ನ, ಅಂದರೆ ತಡೆಯದೆ ಒಳಗೆ ಬಿಡುವವರ ಪಟ್ಟಿಯ, ಮೊದಲ ಸಾಲಿನಲ್ಲಿದೆ.