ಎರಡಡಿ ಟ್ಯಾಂಕ್‌ನ ಗಿಡಗಳಿಗೆ ಯಾವ ಲೈಟ್: ಕ್ಲಿಪ್, ಫ್ಲಡ್‌ಲೈಟ್, ಆರ್‌ಜಿಬಿ

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ, ನೀರೊಳಗೆ ಗಿಡ ಬೆಳೆಸುವ ಮೀನಿನ ಟ್ಯಾಂಕ್ ಲೆಕ್ಕಕ್ಕೆ 56 ಲೀಟರ್. ಮಣ್ಣು, ಕಲ್ಲು, ಕಟ್ಟಿಗೆ ಹಾಕಿ ಮೇಲೆ ಒಂದಿಷ್ಟು ಜಾಗ ಬಿಟ್ಟರೆ ನೀರು 40 ಲೀಟರಿನ ಆಸುಪಾಸು. ಈ ಅಳತೆಗೆಂದು ಅಂಗಡಿಗಳಲ್ಲಿ ಸಿಗುವ ಲೈಟ್‌ಗಳು ಮುಖ್ಯವಾಗಿ ಮೂರು ಬಗೆ: ಗಾಜಿನ ಅಂಚಿಗೆ ಸಿಕ್ಕಿಸುವ ಅಗ್ಗದ ಕ್ಲಿಪ್ ಲೈಟ್, ಎಲೆಕ್ಟ್ರಿಕಲ್ ಅಂಗಡಿಯ 6500 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು) ಎಲ್‌ಇಡಿ ಫ್ಲಡ್‌ಲೈಟ್, ಕೆಂಪು, ಹಸಿರು, ನೀಲಿ ಬಲ್ಬು ಸೇರಿಸಿ ಗಿಡಕ್ಕೆಂದೇ ಮಾಡಿದ ಆರ್‌ಜಿಬಿ ಲೈಟ್. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ನೀರಿಗೆ ಸಿಒ2 (ಇಂಗಾಲದ ಡೈಆಕ್ಸೈಡ್) ಬಿಡುವ ಸಿಲಿಂಡರ್ ಇಲ್ಲದ ಟ್ಯಾಂಕ್‌ಗೆ 20 ವ್ಯಾಟ್ ಫ್ಲಡ್‌ಲೈಟ್ ಸಾಕು. ಆರ್‌ಜಿಬಿಗೆ ದುಡ್ಡು ಹಾಕುವುದು ಸಿಲಿಂಡರ್ ಕೂರಿಸಿದ ಮೇಲಿನ ಮಾತು.

ಕಾರಣ ಇಷ್ಟೇ. ಬೆಳಕು ಹೆಚ್ಚಿದಷ್ಟೂ ಗಿಡ ಇಂಗಾಲ ಕೇಳುತ್ತದೆ. ಗಾಳಿಯಿಂದ ತಾನಾಗಿ ಕರಗುವ ಸಿಒ2 ಲೀಟರಿಗೆ 2–3 ಮಿಲಿಗ್ರಾಂ ದಾಟುವುದು ಅಪರೂಪ. ಸಿಲಿಂಡರ್‌ನಿಂದ ಬಿಟ್ಟರೆ ಅದು 20–30ಕ್ಕೆ ಏರುತ್ತದೆ. ಇಂಗಾಲ ಸಾಲದೆ ಗಿಡದ ಬೆಳವಣಿಗೆ ನಿಂತಾಗ ಉಳಿದ ಬೆಳಕನ್ನು ಬಳಸಿಕೊಳ್ಳುವುದು ಪಾಚಿ. ಎಲೆಯಂಚಿನ ನೂಲು ಪಾಚಿ, ಗಾಜಿನ ಮೇಲಿನ ಹಸಿರು ಚುಕ್ಕೆ ಎರಡೂ ಹೀಗೆ ಬಂದವೇ ಹೆಚ್ಚು. ಹೊಸ ಟ್ಯಾಂಕ್‌ನಲ್ಲಿ ಮೊದಲ ಕೆಲವು ವಾರ ಕಾಣುವ ಕಂದು ಪುಡಿಗೆ ಮಾತ್ರ ಲೈಟನ್ನು ದೂರಬೇಡಿ. ಅದು ಡಯಾಟಮ್ ಎಂಬ ಕಂದು ಪಾಚಿ, ತಾನಾಗಿಯೇ ಹೋಗುತ್ತದೆ.

ಕ್ಲಿಪ್ ಲೈಟ್ ಕೊಳ್ಳುವಾಗ ಡಬ್ಬಿಯ ಮೇಲಿನ ವ್ಯಾಟ್ ನಂಬಬೇಡಿ, ಅಡಾಪ್ಟರ್ ತಿರುಗಿಸಿ ನೋಡಿ. 12 ವೋಲ್ಟ್, 1 ಆಂಪ್ ಎಂದಿದ್ದರೆ ಆ ಲೈಟ್‌ಗೆ ಸಿಗುವುದು ಹೆಚ್ಚೆಂದರೆ 12 ವ್ಯಾಟ್, ಡಬ್ಬಿಯಲ್ಲಿ 28 ಎಂದು ಬರೆದಿದ್ದರೂ ಅಷ್ಟೇ. ಇಂಥ ಲೈಟ್‌ಗಳಲ್ಲಿ ನೀಲಿ ಬಲ್ಬು ಜಾಸ್ತಿ. ಮೀನು ಹೊಳೆಯುತ್ತದೆ, ಎಲೆ ಮಂಕಾಗಿ ಕಾಣುತ್ತದೆ. ಕಡಿಮೆ ಬೆಳಕು ಸಾಕಾಗುವ ಅನುಬಿಯಾಸ್, ಜಾವಾ ಫರ್ನ್, ಜಾವಾ ಮಾಸ್ ಇಷ್ಟೇ ಇಡುವುದಾದರೆ ನಡೆಯುತ್ತದೆ. ನೆಲಕ್ಕೆ ಹರಡುವ ಮಾಂಟೆ ಕಾರ್ಲೊ ಹಾಕಿದರೆ ಅದು ಹಾಸಿನಂತೆ ಹಬ್ಬದೆ ಬೆಳಕು ಹುಡುಕುತ್ತ ಮೇಲಕ್ಕೆದ್ದು ನಿಲ್ಲುತ್ತದೆ.

ಫ್ಲಡ್‌ಲೈಟ್ ವಿಷಯದಲ್ಲಿ ಒಂದಿಷ್ಟು ಲೆಕ್ಕ ಬೇಕು, ಏಕೆಂದರೆ ಇದರಲ್ಲಿ ಬೆಳಕನ್ನು ಹದ ಮಾಡಲು ಇರುವ ದಾರಿ ಎತ್ತರವೊಂದೇ. 20 ವ್ಯಾಟ್‌ನದು ಸುಮಾರು 1,900 ಲ್ಯೂಮೆನ್ (ಲೈಟಿನಿಂದ ಹೊರಬರುವ ಒಟ್ಟು ಬೆಳಕು) ಕೊಡುತ್ತದೆ, 120 ಡಿಗ್ರಿ ಹರಡಿಕೊಳ್ಳುತ್ತದೆ. ಮಣ್ಣಿನಿಂದ 50 ಸೆಂ.ಮೀ. ಮೇಲೆ, ಅಂದರೆ ಗಾಜಿನ ಅಂಚಿನಿಂದ 25 ಸೆಂ.ಮೀ. ಎತ್ತರಕ್ಕೆ ತೂಗುಹಾಕಿದರೆ ಕೆಳಗೆ ನಡುಮಧ್ಯದಲ್ಲಿ 2,400 ಲಕ್ಸ್ (ಆ ಜಾಗಕ್ಕೆ ಬೀಳುವ ಬೆಳಕಿನ ಅಳತೆ) ಹತ್ತಿರ ಸಿಗುತ್ತದೆ. ಹತ್ತೇ ಸೆಂ.ಮೀ. ಇಳಿಸಿ, 3,800 ಆಗುತ್ತದೆ. 6500 ಕೆಲ್ವಿನ್ ಬಿಳಿ ಎಲ್‌ಇಡಿಯ ಲಕ್ಸನ್ನು 67ರಿಂದ ಭಾಗಿಸಿದರೆ ಗಿಡಕ್ಕೆ ದಕ್ಕುವ ಬೆಳಕಿನ ಅಳತೆಯಾದ ಪಾರ್ ಸುಮಾರಾಗಿ ತಿಳಿಯುತ್ತದೆ: ಮೊದಲನೆಯದು 36, ಎರಡನೆಯದು 57. ಸಿಲಿಂಡರ್ ಇಲ್ಲದಿದ್ದರೆ 40ರೊಳಗೆ ಇರಲಿ. ನೀರು ತುಂಬುವ ಮೊದಲು ಫೋನನ್ನು ಮಣ್ಣಿನ ಮೇಲೆ ಅಂಗಾತ ಇಟ್ಟು ಲಕ್ಸ್ ಮೀಟರ್ ಆ್ಯಪ್‌ನಲ್ಲಿ ಅಳೆಯಿರಿ. ಫೋನಿನ ಸೆನ್ಸರ್ ಕರಾರುವಾಕ್ಕಲ್ಲ, ಆದರೆ ನಡುವಿಗೂ ಮೂಲೆಗೂ ಇರುವ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ.

ಆ ವ್ಯತ್ಯಾಸವೇ ಫ್ಲಡ್‌ಲೈಟಿನ ದೊಡ್ಡ ಕೊರತೆ. ಒಂದೇ ಲೈಟನ್ನು ನಡುವೆ ಹಾಕಿದರೆ ಎರಡೂ ತುದಿಗೆ ತಲುಪುವುದು ಅರ್ಧದಷ್ಟು ಮಾತ್ರ. 20ರ ಒಂದಕ್ಕಿಂತ 10 ವ್ಯಾಟ್‌ನ ಎರಡು ಮೇಲು, ತಲಾ ಒಂದೊಂದು ಅಡಿಯ ನಡುವಿಗೆ ಬರುವಂತೆ. ಒಂದೇ ಇದ್ದರೆ ಮೂಲೆಗಳಿಗೆ ಕಡಿಮೆ ಬೆಳಕಿನಲ್ಲೂ ಬೆಳೆಯುವ ಕ್ರಿಪ್ಟೊಕೊರೈನ್ ನೆಡಿ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬೆಳೆಯುವ ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ಇಂಥ ಟ್ಯಾಂಕ್‌ಗೆ ಒಳ್ಳೆಯ ಆಯ್ಕೆ. ಇನ್ನೊಂದು ಕೊರತೆ ಬಣ್ಣದ್ದು. ಹೊರಾಂಗಣದ ಫ್ಲಡ್‌ಲೈಟ್‌ಗಳ ಸಿಆರ್‌ಐ (ಬಣ್ಣವನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದರ 100ರವರೆಗಿನ ಅಳತೆ) ಸಾಮಾನ್ಯವಾಗಿ 70ರಷ್ಟಿರುವುದರಿಂದ ಕೆಂಪು ಎಲೆ ಇಟ್ಟಿಗೆ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಗಿಡಕ್ಕೆ ಅದರಿಂದ ತೊಂದರೆಯಿಲ್ಲ, ಕಣ್ಣಿಗೆ ಅಷ್ಟೇ.

ಆರ್‌ಜಿಬಿ ಗೆಲ್ಲುವುದು ಇಲ್ಲೇ. ಚಿಹಿರೋಸ್ ಡಬ್ಲ್ಯುಆರ್‌ಜಿಬಿ 2ರಂಥ 60 ಸೆಂ.ಮೀ. ಲೈಟ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಫೋನಿನಿಂದ ಬೇರೆಬೇರೆಯಾಗಿ ಹೆಚ್ಚುಕಡಿಮೆ ಮಾಡಬಹುದು. ಟ್ಯಾಂಕ್‌ನ ಉದ್ದಕ್ಕೂ ಬೆಳಕು ಸಮವಾಗಿ ಬೀಳುತ್ತದೆ. ದಕ್ಷಿಣ ಭಾರತದ್ದೇ ಗಿಡವಾದ ರೊಟಾಲಾ ಮ್ಯಾಕ್ರಾಂಡ್ರಾದ ಕೆಂಪು ಇದರಡಿ ನಿಜಕ್ಕೂ ನೋಡುವಂತಿರುತ್ತದೆ. ಆದರೆ ಇದು ಪೂರ್ತಿ ಉರಿದರೆ 60 ವ್ಯಾಟ್‌ಗೂ ಮೇಲೆ, ಒಂದಡಿ ಎತ್ತರದ ಟ್ಯಾಂಕ್‌ಗೆ ಅತಿಯಾಯಿತು. ಸಿಒ2 ಇದ್ದರೂ 40 ಪ್ರತಿಶತದಿಂದ ಶುರುಮಾಡಿ, ವಾರಕ್ಕೆ 5–10ರಂತೆ ಏರಿಸಿ, ಪಾಚಿ ಕಂಡ ಕೂಡಲೇ ಹಿಂದಿನ ಮಟ್ಟಕ್ಕೆ ಇಳಿಸಿ. ಮೇಲೆ ಹೇಳಿದ 67ರ ಲೆಕ್ಕ ಈ ಲೈಟ್‌ಗೆ ಹೊಂದುವುದಿಲ್ಲ. ಲಕ್ಸ್ ಮೀಟರ್ ಹಸಿರನ್ನೇ ಹೆಚ್ಚು ಗಮನಿಸಿ ಕೆಂಪು, ನೀಲಿಯನ್ನು ಕಡಿಮೆ ತೋರಿಸುತ್ತದೆ.

ಯಾವ ಲೈಟ್ ಆದರೂ ಮೊದಲ ತಿಂಗಳು ದಿನಕ್ಕೆ 6 ಗಂಟೆ, ಆಮೇಲೆ 8. ಸಿಒ2 ಇದ್ದರೆ ಲೈಟಿಗಿಂತ ಒಂದೆರಡು ಗಂಟೆ ಮೊದಲು ಆನ್ ಆಗಲಿ. ನೀರಿನ ಸಿಒ2 ಮಟ್ಟವನ್ನು ಬಣ್ಣದಲ್ಲಿ ತೋರಿಸುವ, 4 ಡಿಕೆಎಚ್ (ಕಾರ್ಬೊನೇಟ್ ಗಡಸುತನದ ಅಳತೆ) ದ್ರಾವಣ ಹಾಕಿದ ಡ್ರಾಪ್ ಚೆಕರ್ ಲೈಟ್ ಹತ್ತುವ ಹೊತ್ತಿಗೆ ತಿಳಿ ಹಸಿರಿಗೆ ಬಂದಿರಬೇಕು. ಕೈಯಿಂದ ಸ್ವಿಚ್ ಹಾಕುವ ಅಭ್ಯಾಸ ಬಿಟ್ಟುಬಿಡಿ. ತಿರುಗುವ ಮುಳ್ಳಿನ ಟೈಮರ್ ಕರೆಂಟ್ ಹೋದಷ್ಟು ಹೊತ್ತೂ ನಿಂತುಬಿಡುತ್ತದೆ. ದಿನಕ್ಕೊಂದು ಗಂಟೆ ಕರೆಂಟ್ ಹೋಗುವ ಊರಿನಲ್ಲಿ ಒಂದೇ ವಾರಕ್ಕೆ 7 ಗಂಟೆ ಹಿಂದೆ ಬಿದ್ದು, ಮಧ್ಯಾಹ್ನ ಹತ್ತಬೇಕಾದ ಲೈಟ್ ರಾತ್ರಿ ಹತ್ತುತ್ತದೆ. ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರ್ ಕೊಳ್ಳಿ. ಫೋನಿನಿಂದ ನಡೆಯುವ ಲೈಟ್ ಆದರೆ ಅಂಗಡಿಯಲ್ಲೇ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು ಹಾಕಿಸಿ, ಸಮಯ ನೆನಪಿದೆಯೇ ನೋಡಿ.

ಫ್ಲಡ್‌ಲೈಟಿನ ಮೇಲೆ ಐಪಿ65 ಎಂದಿದ್ದರೆ ನೀರು ಚಿಮ್ಮಿದರೆ ತಡೆದೀತು ಎಂದರ್ಥ, ನೀರಿಗೆ ಬಿದ್ದರೂ ನಡೆಯುತ್ತದೆ ಎಂದಲ್ಲ. ಹಾಗಾಗಿ ಎರಡು ಕಡೆ ಸರಪಳಿಯಲ್ಲಿ ತೂಗಿಸಿ, ಅರ್ತ್ ವೈರನ್ನು ಮೂರು ಪಿನ್ನಿನ ಪ್ಲಗ್‌ಗೆ ಕೊಡಲೇಬೇಕು. ವೈರ್ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೆ ಹೋಗಲಿ, ಹನಿ ಸಾಕೆಟ್ಟಿಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಕರೆಂಟ್ ಸೋರಿದರೆ ತಾನಾಗಿ ಕಡಿದುಬಿಡುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಇಲ್ಲದ ಲೈನಿಗೆ ಟ್ಯಾಂಕ್ ಹಾಕಬೇಡಿ.

ಬೋರ್‌ವೆಲ್ ನೀರಿನವರಿಗೆ ಇನ್ನೊಂದು ಕೆಲಸವಿದೆ. ಗಾಜಿನ ಮುಚ್ಚಳಕ್ಕೆ ಸಿಡಿದ ಹನಿ ಒಣಗಿ ಬಿಳಿ ಪದರ ಕಟ್ಟಿಕೊಂಡು ಬೆಳಕನ್ನು ತಡೆಯುತ್ತದೆ. ಗಿಡದ ಕೆಳಗಿನ ಎಲೆಗಳು ಉದುರತೊಡಗಿದರೆ ಹೊಸ ಲೈಟ್ ತರುವ ಮುಂಚೆ ಮುಚ್ಚಳ ತೆಗೆದು ನೋಡಿ. ಬಿಳಿ ವಿನೆಗರ್ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿಟ್ಟು ಉಜ್ಜಿದರೆ ಪದರ ಬಿಡುತ್ತದೆ. ಸೋಪು ತಾಗಿಸದೆ ಬರೀ ನೀರಿನಲ್ಲಿ ತೊಳೆದು ಮತ್ತೆ ಮುಚ್ಚಿ.