ಹಿಡಿಕೆ ಮುರಿದ ಸೆಟ್ಟು, ದುರ್ಗದ ಬೈಲಿನ ಡಬರಿ

ಅನ್ನ ಮುಕ್ಕಾಲು ಬೆಂದಿತ್ತು. ಇಳಿಸೋಣ ಅಂತ ಹಿಡಿಕೆ ಹಿಡಿದು ಎತ್ತಿದೆ. ಹಿಡಿಕೆ ಕೈಗೆ ಬಂತು, ಪಾತ್ರೆ ಸ್ಟೋವಿನ ಮೇಲೇ ಉಳಿಯಿತು. ಒಂದು ಕ್ಷಣ ಓರೆಯಾಗಿ ನಿಂತು, ಆಮೇಲೆ ನಿಧಾನಕ್ಕೆ ಮಗುಚಿತು. ಜೋಯಿಡಾದಲ್ಲಿ ಗೆಳತಿಯ ತೋಟದ ಅಂಚು, ಕತ್ತಲಾಗಿತ್ತು, ನಾಲ್ಕು ಜನ ತಾಟು ಹಿಡಿದು ಕೂತಿದ್ದೆವು. ಆ ರಾತ್ರಿ ನಮ್ಮನ್ನು ಉಳಿಸಿದ್ದು ಚೀಲದ ತಳದಲ್ಲಿದ್ದ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. ಚಾರಣಕ್ಕೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ ಅಂತ ನಮ್ಮ ಮನೆಯವರು ಈಗಲೂ ವಾದಿಸುತ್ತಾರೆ. ಪಾತ್ರೆಯೂ ಬೇಡ, ಬೆಂಕಿಯೂ ಬೇಡ. ಆದರೆ ಮೂರನೇ ದಿನಕ್ಕೆ ಬಿಸಿ ಅನ್ನ, ಬಿಸಿ ಸಾರು ಬೇಕು ಅಂತ ಮೊದಲು ಗೊಣಗುವವರೂ ಅವರೇ.

ನಾನು ಹುಬ್ಬಳ್ಳಿಯವಳು, ಬ್ಯಾಂಕಿನಲ್ಲಿ ಕೆಲಸ. ವರ್ಷಕ್ಕೆ ಎರಡು ಮೂರು ಸಲ ಹೆಗಲಿಗೆ ಚೀಲ ಹಾಕಿ ಹೊರಡುವ ರೂಢಿ ಆರೇಳು ವರ್ಷದ್ದು. ಅಷ್ಟರಲ್ಲಿ ಪಾತ್ರೆಗಾಗಿ ಮಾಡಿದ ಖರ್ಚು ಹೇಳಿದರೆ ನಮ್ಮ ಅವ್ವ ಬೈತಾಳೆ. ಆ ಖರ್ಚು ನಿಮಗಾದರೂ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮುರಿದ ಆ ಸೆಟ್ಟು ಆನ್‌ಲೈನಿನಲ್ಲಿ ತರಿಸಿದ್ದು. ಕಂಪನಿಯ ಹೆಸರು ಬೇಡ, ಅದೇ ಅಚ್ಚಿನ ಮಾಲು ಹತ್ತು ಹೆಸರಿನಲ್ಲಿ ಸಿಗುತ್ತದೆ. ಒಂದರೊಳಗೊಂದು ಕೂರುವ ಎರಡು ಪಾತ್ರೆ, ಅಂಗೈಯಗಲದ ತವಾ, ಮಡಚುವ ಹಿಡಿಕೆ, ಬಲೆಯ ಚೀಲ. ನೋಡಲು ಗೊಂಬೆಯಾಟದ ಸಾಮಾನಿನ ಹಾಗೆ ಮುದ್ದಾಗಿತ್ತು. ಹಿಡಿಕೆಯನ್ನು ಎರಡು ಸಣ್ಣ ರಿವಿಟ್ ಹೊಡೆದು ಕೂರಿಸಿದ್ದರು. ತೆಳು ಅಲ್ಯೂಮಿನಿಯಂ ಹಾಳೆ ಬಿಸಿಯಾಗಿ ಆರಿ, ಬಿಸಿಯಾಗಿ ಆರಿ, ರಿವಿಟ್ಟಿನ ತೂತು ಅಗಲವಾಯಿತು. ಹಿಡಿಕೆ ಅಲ್ಲಾಡುತ್ತಿದ್ದುದು ನನಗೆ ಎರಡನೇ ಪ್ರವಾಸದಲ್ಲೇ ಗೊತ್ತಿತ್ತು, ನೋಡಿಯೂ ಸುಮ್ಮನಿದ್ದೆ. ಹಿಡಿಕೆಗೆ ಸುತ್ತಿದ್ದ ಪ್ಲಾಸ್ಟಿಕ್ ಅದಕ್ಕೂ ಮೊದಲೇ ಕರಗಿ ವಾಸನೆ ಬಂದಿತ್ತು.

ಒಳಗಿನ ನಾನ್‌ಸ್ಟಿಕ್ ಕೋಟಿಂಗಿನ ಕಥೆ ಬೇರೆ. ಅದಕ್ಕೆ ಬೂದಿ ಹಚ್ಚಿ ತಿಕ್ಕುವಂತಿಲ್ಲ, ಸ್ಟೀಲ್ ಸೌಟು ಮುಟ್ಟಿಸುವಂತಿಲ್ಲ. ಪಾತ್ರೆಗಳನ್ನು ಒಂದರೊಳಗೊಂದು ತುರುಕಿ ಎಂಟು ತಾಸು ನಡೆದರೆ ತಾವೇ ಉಜ್ಜಿಕೊಂಡು ಗೀಚುತ್ತವೆ. ಕ್ಯಾಂಪ್ ಸ್ಟೋವಿನ ಉರಿ ನಟ್ಟ ನಡುವೆ ಒಂದೇ ಕಡೆ ಬೀಳುವಂಥದ್ದು. ಖಾಲಿ ಪಾತ್ರೆ ಒಂದೆರಡು ನಿಮಿಷ ಮರೆತರೆ ಆ ಜಾಗ 260 ಡಿಗ್ರಿ ದಾಟುವುದು ಕಷ್ಟವಲ್ಲ, ಅಲ್ಲಿಂದ ಮೇಲೆ ಈ ಕೋಟಿಂಗ್ ಕೆಡಲು ಶುರು. ನಾಲ್ಕನೇ ಪ್ರವಾಸಕ್ಕೆ ಉಪ್ಪಿಟ್ಟಿನಲ್ಲಿ ಕರಿ ಚೂರು ಕಂಡವು. ಸಾಸಿವೆ ಅಂದುಕೊಂಡು ತಿಂದೆವು.

ಎರಡನೆಯದು ಅಣ್ಣನ ಮಗನದು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಗ್ರಾಂ ಲೆಕ್ಕದಲ್ಲಿ ಚೀಲ ಕಟ್ಟುವವನು. ಹಲ್ಲುಜ್ಜುವ ಬ್ರಶ್ಶಿನ ಹಿಡಿ ಕತ್ತರಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅವನು ತಂದದ್ದು 750 ಮಿಲಿಲೀಟರಿನ ಟೈಟಾನಿಯಂ ಪಾತ್ರೆ, ಮುಚ್ಚಳ ಸೇರಿ ನೂರು ಗ್ರಾಮಿನ ಆಸುಪಾಸು. ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಇಲ್ಲ. ಬೀಳಿಸಿದ, ತುಳಿದ, ಕಲ್ಲಿಗೆ ಬಡಿದ, ಏನೂ ಆಗಲಿಲ್ಲ. ತುಕ್ಕಿಲ್ಲ, ಹುಣಸೆಹುಳಿಗೂ ಜಗ್ಗುವುದಿಲ್ಲ. ಬಾಳಿಕೆಯೊಂದನ್ನೇ ಕೇಳಿದರೆ ಅದಕ್ಕೆ ಮೊದಲ ನಂಬರ್ ಕೊಡಬೇಕು.

ಆದರೆ ಅದರಲ್ಲಿ ಅಡಿಗೆ ಆಗುವುದಿಲ್ಲ. ನೀರು ಕಾಯುತ್ತದೆ, ಚಾ ಆಗುತ್ತದೆ, ಮ್ಯಾಗಿ ಆಗುತ್ತದೆ. ಅನ್ನಕ್ಕಿಟ್ಟರೆ ತಳದ ನಡುವೆ ರೂಪಾಯಿ ಅಗಲ ಕರಿ, ಅದರ ಸುತ್ತ ಅಂಟು, ಮೇಲೆ ಹಸಿ ಅಕ್ಕಿ. ಕಾರಣ ಸರಳ. ಟೈಟಾನಿಯಂ ಶಾಖವನ್ನು ಪಕ್ಕಕ್ಕೆ ಹರಡುವುದಿಲ್ಲ, ಸ್ಟೀಲೂ ಹಾಗೇ. ಅಲ್ಯೂಮಿನಿಯಂ ಅವೆರಡಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. ಸಾಲದ್ದಕ್ಕೆ ಅವನದು ಲೋಟದಂತೆ ಉದ್ದ, ಕಿರಿದು. ಅರ್ಧ ಉರಿ ಪಕ್ಕದಿಂದ ಹೊರಗೆ ಹೋಗಿ ಆಕಾಶ ಕಾಯಿಸುತ್ತದೆ. ಒಗ್ಗರಣೆಗೆ ಸಾಸಿವೆ ಹಾಕಿದ ದಿನ ಅವು ಸಿಡಿಯುವ ಮೊದಲೇ ಇದ್ದಿಲಾದವು. “ಅತ್ತಿ, ಇದರಾಗ ಒಗ್ಗರಣಿ ಹಾಕಬಾರದು” ಅಂದ. ಒಗ್ಗರಣೆ ಹಾಕಲಾಗದ ಪಾತ್ರೆಗೆ ಅಷ್ಟು ದುಡ್ಡು ಯಾಕೆ ಸುರಿದೆ ಅಂತ ಕೇಳಿದೆ. ಒಬ್ಬನೇ ಹೋಗುವವನು, ಪೊಟ್ಟಣದ ಊಟಕ್ಕೆ ಬಿಸಿನೀರು ಸುರಿದುಕೊಳ್ಳುವವನು, ಅವನ ಮಟ್ಟಿಗೆ ಸರಿಯೇ. ನಮ್ಮಂಥ ನಾಲ್ಕು ಹೊಟ್ಟೆಗಲ್ಲ.

ಆಮೇಲೆ ಸ್ಟೀಲಿಗೆ ಹೋದೆ. ಬಹಳ ಹೇಳುವುದಿಲ್ಲ. ಗಟ್ಟಿ, ತಿಕ್ಕಲು ಸುಲಭ, ಸಾರು ಸಾಂಬಾರಿಗೆ ಭಯವಿಲ್ಲ. ತೊಡಕು ತೂಕದ್ದು. ನೀರಿಗೆ ಹೋಲಿಸಿದರೆ ಅಲ್ಯೂಮಿನಿಯಂ 2.7 ಪಟ್ಟು ಭಾರ, ಟೈಟಾನಿಯಂ 4.5 ಪಟ್ಟು, ಸ್ಟೀಲ್ ಸುಮಾರು 8 ಪಟ್ಟು. ತಳ ದಪ್ಪ ಇರುವುದನ್ನು ಕೊಂಡರೆ ಹೆಗಲು ಅಳುತ್ತದೆ, ತೆಳು ಕೊಂಡರೆ ಅನ್ನ ಸೀಯುತ್ತದೆ. ಗಾಡಿಯಲ್ಲಿ ಹೋಗಿ ಟೆಂಟ್ ಹಾಕುವವರಿಗೆ ಇದೇ ಸಾಕು, ಮನೆಯದ್ದನ್ನೇ ಒಯ್ಯಿರಿ, ಹೊಸದು ಕೊಳ್ಳಬೇಡಿ.

ಕೊನೆಗೆ ಒಂದು ಶನಿವಾರ ದುರ್ಗದ ಬೈಲಿನ ಕಡೆ ಪಾತ್ರೆ ಅಂಗಡಿಗೆ ಹೋದೆ. ಮುರಿದ ಹಿಡಿಕೆ ಪರ್ಸಿನಲ್ಲಿತ್ತು, ಇದಕ್ಕೆ ರಿವಿಟ್ ಹೊಡೆದು ಕೊಡುತ್ತೀರಾ ಅಂತ ಕೇಳಲು. ಅಂಗಡಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಅಕ್ಕಾರ, ಮುರಿಯೂದು ಯಾವಾಗಲೂ ಹಿಡಿಕಿನ. ಡಬರಿ ಎಲ್ಲೆ ಮುರೀತದರಿ? ಹಿಡಿಕಿ ಇಲ್ಲದ್ದು ತಗೋರಿ, ಇಕ್ಕಳದಾಗ ಹಿಡೀರಿ.”

ನಾನು ದಿನಾ ಬೆಳಿಗ್ಗೆ ಹಾಲಿನ ಪಾತ್ರೆ ಇಳಿಸುವುದು ಇಕ್ಕಳದಲ್ಲೇ. ಅಷ್ಟು ವರ್ಷ ಇದು ಹೊಳೆಯಲಿಲ್ಲ. ಚಾರಣದ ಸಾಮಾನು ಅಂದರೆ ಬಲೆಯ ಚೀಲದಲ್ಲೇ ಬರಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಹೊರದೇಶದ ಚಾರಣದ ಅಂಗಡಿಗಳಲ್ಲಿ ಹಿಡಿಕೆಯಿಲ್ಲದ ಪಾತ್ರೆಗೆ ಬೇರೆ ಇಕ್ಕಳ ಮಾರುತ್ತಾರಂತೆ, ಅಣ್ಣನ ಮಗ ಹೇಳಿದ.

ಹಾಗೆ ಬಂದದ್ದು ಈ ಡಬರಿ, ಅಂದರೆ ಹಿಡಿಕೆಯಿಲ್ಲದ ಪಾತ್ರೆ. ಎರಡು ಲೀಟರಿನದು, ಗಟ್ಟಿ ಅಲ್ಯೂಮಿನಿಯಂ, ತಕ್ಕಡಿಗೆ ಹಾಕಿದಾಗ 410 ಗ್ರಾಂ. ತೂಕದ ಲೆಕ್ಕದಲ್ಲೇ ಕೊಟ್ಟರು, ಇಕ್ಕಳ ಸೇರಿ ಮುನ್ನೂರು ರೂಪಾಯಿ ಮುಟ್ಟಲಿಲ್ಲ. ಅವ್ವ ಇಂಥದ್ದಕ್ಕೆ ಜರ್ಮನ್ ಪಾತ್ರೆ ಅನ್ನುತ್ತಾಳೆ. ಒಂದೇ ಹಾಳೆಯಿಂದ ಒತ್ತಿದ್ದು, ಎಲ್ಲೂ ಬೆಸುಗೆ ಇಲ್ಲ, ರಿವಿಟ್ ಇಲ್ಲ, ಮೇಲೆ ಕಂಠ ಹೊರಕ್ಕೆ ಮಡಚಿದೆ. ಕೊಳ್ಳುವಾಗ ನೋಡಬೇಕಾದದ್ದು ಆ ಕಂಠವನ್ನೇ. ಮಡಿಕೆ ಅಗಲ ಇಲ್ಲದಿದ್ದರೆ ಇಕ್ಕಳ ಜಾರುತ್ತದೆ. ಅಂಗಡಿಯಲ್ಲೇ ನೀರು ತುಂಬಿಸಿ ಎತ್ತಿ ನೋಡಿ. ನಾನು ಕೇಳಿದಾಗ ನಕ್ಕರು, ಆದರೆ ಕೊಡ ತಂದುಕೊಟ್ಟರು. ಹೆಬ್ಬೆರಳಿನಿಂದ ತಳದ ನಡುವೆ ಒತ್ತಿ, ಒಳಗೆ ತಗ್ಗಿದರೆ ಬೇಡ ಅನ್ನಿ.

ಎರಡು ವರ್ಷದಲ್ಲಿ ಐದಾರು ಪ್ರವಾಸ ಆಯಿತು. ಬದಿಗೆ ಎರಡು ನೆಗ್ಗು ಬಿದ್ದಿವೆ, ಒಂದನ್ನು ಕಲ್ಲಿನಿಂದ ಕುಟ್ಟಿ ಸರಿಮಾಡಿದೆ. ಅನ್ನ ಹುಡಿಹುಡಿ ಬರುತ್ತದೆ. ಒಳಗೆ ಗ್ಯಾಸ್ ಡಬ್ಬಿ, ಚಾ ಪುಡಿ, ಇಕ್ಕಳ ತುಂಬುವುದರಿಂದ ಜಾಗ ತಿಂದ ಹಾಗೂ ಅಲ್ಲ. ಜೋಯಿಡಾದ ತೋಟದಲ್ಲಿ ಕಟ್ಟಿಗೆ ಒಲೆಗೆ ಇಡುವಾಗ ಹೊರಗೆ ಬೂದಿಯನ್ನು ನೀರಲ್ಲಿ ಕಲಸಿ ಮೆತ್ತುತ್ತೇನೆ, ಅವ್ವ ಕಲಿಸಿದ್ದು. ಮಸಿ ಬೂದಿಗೆ ಹತ್ತುತ್ತದೆ, ತೊಳೆದರೆ ಎರಡೂ ಹೋಗುತ್ತವೆ. ಇದು ಖಾಸಗಿ ಜಮೀನಿನ ಮಾತು. ಕಾಡಿನೊಳಗೆ ಬೆಂಕಿ ಹಾಕಬೇಡಿ, ಹಾಕಲು ಬಿಡುವುದೂ ಇಲ್ಲ.

ಡಬರಿಯ ದೋಷ ಹುಳಿ. ಹುಣಸೆಹಣ್ಣಿನ ಸಾರು, ಟೊಮ್ಯಾಟೊ ಗೊಜ್ಜು ಮಾಡಿದರೆ ಒಳಗೋಡೆಯ ಬಣ್ಣ ಕೆಡುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ. ರಾತ್ರಿಯ ಸಾರನ್ನು ಅದರಲ್ಲೇ ಬಿಟ್ಟು ಮಲಗುವ ಕೆಲಸ ಅಂತೂ ಬೇಡ. ಸಾರು ಇಲ್ಲದೆ ನಡೆಯದವರು ಹಾರ್ಡ್ ಅನೊಡೈಸ್ಡ್ ನೋಡಿ, ಆ ಬೂದುಗಪ್ಪು ಬಣ್ಣದ್ದು. ಅದು ಬಳಿದ ಬಣ್ಣವಲ್ಲ. ಆಮ್ಲದ ತೊಟ್ಟಿಯಲ್ಲಿ ಕರೆಂಟು ಹರಿಸಿ, ಅಲ್ಯೂಮಿನಿಯಂ ಮೇಲ್ಮೈಯನ್ನೇ ಗಟ್ಟಿ ಆಕ್ಸೈಡ್ ಪದರವಾಗಿ ಬೆಳೆಸಿರುತ್ತಾರೆ. ಆದ್ದರಿಂದ ಸಿಪ್ಪೆಯಂತೆ ಏಳುವುದಿಲ್ಲ. ಬೆಲೆ ಮೂರು ನಾಲ್ಕು ಪಟ್ಟು. ನಾನು ಸಾರಿಗೆ ಒಂದು ಸಣ್ಣ ಸ್ಟೀಲ್ ಪಾತ್ರೆ ಜೊತೆಗಿಟ್ಟುಕೊಂಡು ಅದನ್ನು ಮುಂದೂಡಿದ್ದೇನೆ.

ಎತ್ತರದ ಜಾಗಕ್ಕೆ ಹೋಗುವವರಿಗೆ ಡಬರಿಯೂ ಸಾಲದು. ಹಿಮಾಚಲದ ಹಂಪ್ಟಾ ಪಾಸ್‌ಗೆ (4,270 ಮೀಟರ್) ಹೋದಾಗ ದಾರಿಯ ಚೀಕಾ ಕ್ಯಾಂಪಿನವರೆಗೆ ಅನ್ನ ಹೇಗೋ ಆಯಿತು. ಮುಂದಿನ ಕ್ಯಾಂಪು ಬಾಲೂ ಕಾ ಘೇರಾದಲ್ಲಿ, ಸುಮಾರು 3,600 ಮೀಟರಿನಲ್ಲಿ, ನೀರು ತಳಮಳ ಕುದಿಯುತ್ತಿದೆ, ಅಕ್ಕಿ ಮಾತ್ರ ನಡುವೆ ಗಟ್ಟಿ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು 88 ಡಿಗ್ರಿಗೇ ಕುದಿಯುತ್ತದೆ, ಎಷ್ಟು ಉರಿ ಹೆಚ್ಚಿಸಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ, ಗ್ಯಾಸ್ ಮಾತ್ರ ಖರ್ಚು. ಬೇಳೆಯ ಮಾತೇ ಬೇಡ. ನಮ್ಮ ಪುಣ್ಯಕ್ಕೆ ಮನೆಯವರು ಹಟ ಹಿಡಿದು ಒಂದೂವರೆ ಲೀಟರಿನ ಕುಕ್ಕರ್ ಹೊತ್ತು ತಂದಿದ್ದರು. ಒಂದು ಕಿಲೋಗೂ ಮೇಲೆ ತೂಕ, ದಾರಿಯುದ್ದಕ್ಕೂ ನಾನು ಚೇಷ್ಟೆ ಮಾಡಿದ್ದೆ. ಸೀಟಿಯ ಭಾರ ಹೊರಗಿನ ಗಾಳಿಯ ಒತ್ತಡದ ಮೇಲೆ ಇನ್ನಷ್ಟು ಒತ್ತಡ ಸೇರಿಸುವುದರಿಂದ ಅಷ್ಟೆತ್ತರದಲ್ಲೂ ಒಳಗೆ 110 ಡಿಗ್ರಿ ದಾಟುತ್ತದೆ. ನಾಲ್ಕು ಸೀಟಿಗೆ ತೊವ್ವೆ ನುಣ್ಣಗೆ. ಆಮೇಲೆ ನಾನು ಏನೂ ಅನ್ನಲಿಲ್ಲ. ಗ್ಯಾಸ್ಕೆಟ್ ಇನ್ನೊಂದು ಒಯ್ಯಿರಿ, ಅದು ಹರಿದರೆ ಕುಕ್ಕರ್ ಬರೀ ಭಾರದ ಡಬರಿ.

ಕುಕ್ಕರ್ ಒಯ್ಯುವುದಾದರೆ ಗ್ಯಾಸ್ ಡಬ್ಬಿಯ ತಲೆಯ ಮೇಲೆ ಕೂರುವ ಸಣ್ಣ ಸ್ಟೋವ್ ಆಗದು. ಕಾಲು ಕಿರಿದು, ಭಾರ ಮೇಲೆ, ಒಂದು ಗಾಳಿಗೆ ಎಲ್ಲ ಮಣ್ಣುಪಾಲು. ನೆಲಕ್ಕೆ ತಗ್ಗಾಗಿ ನಿಂತು, ಡಬ್ಬಿಗೆ ಕೊಳವೆಯಿಂದ ಸೇರುವ ಸ್ಟೋವ್ ಬೇಕು. ಗಾಳಿಗೆ ತಗಡು ಸುತ್ತುವವರಿಗೂ ಇದೇ ಮಾತು: ತಲೆಯ ಮೇಲೆ ಕೂರುವ ಸ್ಟೋವಿಗೆ ಸುತ್ತಲೂ ಮರೆ ಕಟ್ಟಿದರೆ ಒಳಗಿನ ಡಬ್ಬಿಯೇ ಕಾದು ಸಿಡಿಯಬಹುದು. ಟೆಂಟಿನೊಳಗೆ ಹಚ್ಚುವ ಯೋಚನೆಯೂ ಬೇಡ. ಗ್ಯಾಸ್ ಡಬ್ಬಿ ವಿಮಾನದಲ್ಲಿ ಯಾವ ಬ್ಯಾಗಿನಲ್ಲೂ ಬಿಡುವುದಿಲ್ಲ, ನಾವು ಮನಾಲಿಯಲ್ಲಿ ಕೊಂಡೆವು. ಬರೀ ಬ್ಯೂಟೇನ್ ಇದ್ದದ್ದು ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದೇ ಇಲ್ಲ, ಐಸೊಬ್ಯೂಟೇನ್, ಪ್ರೊಪೇನ್ ಬೆರೆಸಿದ್ದನ್ನು ಕೇಳಿ. ಆದರೂ ರಾತ್ರಿ ಡಬ್ಬಿಯನ್ನು ಮಲಗುವ ಚೀಲದೊಳಗೆ ಕಾಲ ಬಳಿ ಇಟ್ಟುಕೊಂಡು ಮಲಗಿದೆ. ಬೆಳಿಗ್ಗೆ ಒಂದೇ ಕಡ್ಡಿಗೆ ಹೊತ್ತಿತು.

ಈಗ ನಮ್ಮ ಚೀಲದಲ್ಲಿ ಇರುವುದು ಡಬರಿ, ಇಕ್ಕಳ, ಸಾರಿನ ಸ್ಟೀಲ್ ಪಾತ್ರೆ, ಹಿಮಾಲಯ ಆದರೆ ಕುಕ್ಕರ್. ಬಲೆಯ ಚೀಲ ಮಾತ್ರ ಆ ಹಳೆಯ ಸೆಟ್ಟಿನದೇ, ಚೆನ್ನಾಗಿದೆ, ಅದರಲ್ಲಿ ಈರುಳ್ಳಿ ಹಾಕುತ್ತೇನೆ.

ಡಬರಿಗೆ ಸರಿಯಾದ ಮುಚ್ಚಳ ಮಾತ್ರ ಇನ್ನೂ ಸಿಕ್ಕಿಲ್ಲ. ಊಟದ ತಾಟನ್ನೇ ಮುಚ್ಚುತ್ತೇನೆ, ಕುದಿ ಬಂದಾಗ ಜಾರುತ್ತದೆ, ಮೇಲೊಂದು ಕಲ್ಲು ಇಡಬೇಕು. ದುರ್ಗದ ಬೈಲಿನವರು ತರಿಸಿಕೊಡುತ್ತೇನೆ ಅಂದು ನಾಲ್ಕು ತಿಂಗಳಾಯಿತು. ಈ ಶನಿವಾರ ಡಬರಿಯನ್ನೇ ಹಿಡಿದುಕೊಂಡು ಹೋಗಿ ಅಳತೆ ಕೊಟ್ಟು ಬರಬೇಕು.