ಸ್ಯಾಂಪಲ್‌ನಲ್ಲಿ ಗಂಧ, ಬಾಟಲಿಯಲ್ಲಿ ಜಿಡ್ಡು

ಶ್ರೀಗಂಧದ ಎಣ್ಣೆ ಅಂತ 50 ಎಂಎಲ್‌ಗೆ 6,500 ರೂಪಾಯಿ ಕೊಟ್ಟು ಜಿಡ್ಡು ಕೊಂಡುಕೊಂಡಿದ್ದೇನೆ. ಅದನ್ನು ಒಂದು ಮದುವೆ ಮನೆಯವರಿಗೂ ಹಂಚಿದ್ದೇನೆ. ಜಾಸ್ತಿ ಉರಿಯುತ್ತಿರುವುದು ಈ ಎರಡನೆಯದು.

ಆ ಎಣ್ಣೆ ಮಾರಿದ ಮನುಷ್ಯನ ಹೆಸರು ಹಾಕುವುದಿಲ್ಲ. ಹಾಕಿದರೆ ಅವರ ಪರ ನಾಲ್ಕು ಜನ, ನನ್ನ ಪರ ನಾಲ್ಕು ಜನ ಕಿತ್ತಾಡಿ, ಎಣ್ಣೆಯ ಮಾತೇ ಮರೆತುಹೋಗುತ್ತದೆ. ಆದರೆ ಮುಂದಿನ ತಿಂಗಳು ಅವರು ಇನ್ನೊಂದು ಊರಲ್ಲಿ ಸುಗಂಧದ ಕಾರ್ಯಾಗಾರ ಮಾಡುತ್ತಾರಂತೆ. ಅದಕ್ಕೇ ಈ ಅವಸರ.

ನಾನು ಮೈಸೂರಿನವಳು. ನೂರು ವರ್ಷಕ್ಕೂ ಹಿಂದಿನಿಂದ ಗಂಧದ ಎಣ್ಣೆ ತೆಗೆಯುತ್ತಿರುವ ಊರಲ್ಲಿ ಕೂತು ಗಂಧದ ಎಣ್ಣೆಯಲ್ಲೇ ಮೋಸ ಹೋದೆ. ನಗುವವರು ನಕ್ಕುಬಿಡಿ.

ಮೂರು ವರ್ಷದಿಂದ ಮನೆಯಲ್ಲೇ ಸುಗಂಧ ಮಾಡುತ್ತಿದ್ದೇನೆ. ಫ್ಯಾಕ್ಟರಿ ಸೆಂಟ್ ಬೇಡ, ಹೂವು, ಬೇರು, ಮರದ್ದೇ ಆಗಬೇಕು ಅನ್ನುವ ಹುಚ್ಚು. ಇದೇ ಹುಚ್ಚಿನ ಇಪ್ಪತ್ತು ಇಪ್ಪತ್ತೈದು ಜನ ಪರಿಚಯ ಆಗಿದ್ದೇವೆ. ನಮ್ಮ ವ್ಯವಹಾರ ಹೀಗಿರುತ್ತದೆ. ಸಣ್ಣ ಪ್ರಮಾಣದಲ್ಲಿ ಒಳ್ಳೆ ಎಣ್ಣೆ ಯಾರೂ ಕೊಡುವುದಿಲ್ಲ. ಹಾಗಾಗಿ ಲಾವಂಚದ ಎಣ್ಣೆ ಬೇಕಾದರೆ ಐದು ಜನ ಸೇರಿ ತರಿಸುತ್ತೇವೆ. ಯಾರಾದರೂ ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜಿಗೆ ಹೋಗಿ ಬಂದರೆ ಮಿಟ್ಟಿ ಅತ್ತರ್ (ಮಳೆ ಬಿದ್ದ ಮಣ್ಣಿನ ವಾಸನೆಯದ್ದು) ಒಂದೊಂದು ಎಂಎಲ್ ಹಂಚುತ್ತಾರೆ. ಬಿಲ್ಲು ಗಿಲ್ಲು ಯಾರೂ ಕೇಳುವುದಿಲ್ಲ. ಕೇಳಿದರೆ ನಂಬಿಕೆ ಇಲ್ಲ ಅಂದ ಹಾಗೆ ಆಗುತ್ತದಲ್ಲ, ಅದೊಂದು ಸಂಕೋಚ.

ಈ ಸಂಕೋಚವನ್ನೇ ಅವರು ಚೆನ್ನಾಗಿ ಬಳಸಿಕೊಂಡರು.

ಬೆಂಗಳೂರಲ್ಲಿ ಒಂದು ಭಾನುವಾರ ಕಾರ್ಯಾಗಾರ. ಅವರೇ ಹೇಳಿಕೊಡುವವರು. ಹೂವು ಬೇಯಿಸುವ ಕನೌಜಿನ ತಾಮ್ರದ ಹಂಡೆ ಡೇಗ್, ಅದರ ಬಾಯಿಗೆ ಮೆತ್ತುವ ಮಣ್ಣು, ಬಿದಿರಿನ ಕೊಳವೆ, ಆ ಕಡೆ ನೀರಿನ ತೊಟ್ಟಿಯಲ್ಲಿ ಕೂತ, ಆವಿ ಹಿಡಿಯುವ ಪಾತ್ರೆ ಭಪ್ಕಾ, ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳಿದರು. ಮೊದಲು ಭಪ್ಕಾದೊಳಗೆ ಶ್ರೀಗಂಧದ ಎಣ್ಣೆಯೇ ಇರುತ್ತಿತ್ತು, ಹೂವಿನ ಆವಿ ಬಂದು ಅದರಲ್ಲಿ ಸೇರುತ್ತಿತ್ತು, ಈಗ ಗಂಧ ದುಬಾರಿ ಆಗಿ ಎಷ್ಟೋ ಕಡೆ ಪ್ಯಾರಾಫಿನ್ ಹಾಕುತ್ತಾರೆ ಅಂತ ತುಂಬಾ ನೊಂದುಕೊಂಡು ಹೇಳಿದರು. ಕಲಬೆರಕೆ ಬಗ್ಗೆ ನಮಗೆ ಪಾಠ ಮಾಡಿದ್ದು ಅವರೇ! ಇವತ್ತು ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆಮೇಲೆ ಒಂದು ಕಾಗದದ ಪಟ್ಟಿ ಅದ್ದಿ ಕೊಟ್ಟರು. ಅದು ಅಪ್ಪಟ ಗಂಧ. ಇದರಲ್ಲಿ ನನಗೆ ಈಗಲೂ ಅನುಮಾನ ಇಲ್ಲ. ಮೊದಲು ಏನೂ ಇಲ್ಲ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಕಾಯಿಸಿದ ಹಾಲಿನ ಕೆನೆಯ ಹಾಗೆ ಮೆತ್ತಗೆ ಬಂತು. ಮರುದಿನ ಬ್ಯಾಗ್ ತೆಗೆದರೆ ಪಟ್ಟಿಯಲ್ಲಿ ಇನ್ನೂ ಇತ್ತು. ಒಂದು ಎಂಎಲ್ ಸ್ಯಾಂಪಲ್ ಕೂಡ ಕೊಟ್ಟಿದ್ದರು, ಅದೂ ಅಪ್ಪಟವೇ.

"ನಮ್ಮ ಮಾವನವರ ತೋಟದ ಮರ ಅಕ್ಕ, ತರೀಕೆರೆ ಕಡೆ. ಹೊರಗೆ ಯಾರಿಗೂ ಕೊಡಲ್ಲ, ನಮ್ಮವರಿಗೆ ಮಾತ್ರ" ಅಂದರು. ನಾನು ತಲೆ ಆಡಿಸಿದೆ. 2001ರಲ್ಲಿ ಕಾನೂನು ಬದಲಾದ ಮೇಲೆ ಸ್ವಂತ ಜಮೀನಿನ ಶ್ರೀಗಂಧ ಜಮೀನಿನವರದ್ದೇ ತಾನೇ, ಕತೆ ಸರಿ ಅನ್ನಿಸಿತು. ಆದರೆ ಮರ ನಮ್ಮದಾದರೂ ಕಡಿಯೋಕೆ, ಸಾಗಿಸೋಕೆ ಅರಣ್ಯ ಇಲಾಖೆಯ ಕಾಗದ ಬೇಕು. ಆ ಕಾಗದ ತೋರಿಸಿ ಅಂತ ಒಂದು ಮಾತು ಕೇಳಲಿಲ್ಲ. "ಅಕ್ಕ" ಅಂದುಬಿಟ್ಟರಲ್ಲ, ಹೇಗೆ ಕೇಳಲಿ?

ಬೆಲೆ ಅಂಗಡಿಯ ಬೆಲೆಯ ಅರ್ಧಕ್ಕಿಂತ ಕಡಿಮೆ. ಆಗಲೇ ಗೊತ್ತಾಗಬೇಕಿತ್ತು. ನಮ್ಮವರಿಗೆ ಅಂತ ಬಿಟ್ಟುಕೊಟ್ಟಿದ್ದಾರೆ ಅಂದುಕೊಂಡೆ. ಜೊತೆಗೆ ಲ್ಯಾಬ್ ರಿಪೋರ್ಟ್ ಕಳಿಸಿದರು. ಗಂಧದ ಎಣ್ಣೆಯ ಮುಖ್ಯ ಅಂಶಗಳಾದ ಆಲ್ಫಾ ಸ್ಯಾಂಟಲಾಲ್ 49, ಬೀಟಾ ಸ್ಯಾಂಟಲಾಲ್ 21 ಶೇಕಡಾ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಆಲ್ಫಾ 41ರಿಂದ 55, ಬೀಟಾ 16ರಿಂದ 24 ಇರಬೇಕು. ಲೆಕ್ಕ ಸರಿ ಹೋಯಿತು, ನಾನು ಖುಷಿಯಾದೆ. ರಿಪೋರ್ಟಿನ ಮೇಲಿದ್ದ ಬ್ಯಾಚ್ ನಂಬರ್ ಬಾಟಲಿ ಮೇಲೆ ಇದೆಯಾ ಅಂತ ನೋಡಲಿಲ್ಲ. ಬಾಟಲಿ ಮೇಲೆ ನಂಬರೇ ಇರಲಿಲ್ಲ.

ಬಾಟಲಿ ಬಂದ ದಿನ ನಮ್ಮ ಅತ್ತೆ ಅಡುಗೆಮನೆಯಿಂದ ಬಂದು ಮೂಸಿದರು. ಅವರು ನಲವತ್ತು ವರ್ಷದಿಂದ ದಿನಾ ಬೆಳಗ್ಗೆ ಸಾಣೆಕಲ್ಲಿನ ಮೇಲೆ ಗಂಧ ತೇಯುವವರು. "ಇದೇನೇ, ತೇಯ್ದ ಗಂಧದ ಥರ ಇಲ್ವಲ್ಲ. ಊದುಬತ್ತಿ ಅಂಗಡಿ ಮುಂದೆ ಹೋದ ಹಾಗಿದೆ" ಅಂದರು.

ನಾನು ಅವರಿಗೆ ಪಾಠ ಮಾಡಿದೆ. ತೇಯ್ದ ಗಂಧ ಬೇರೆ, ಚೇಗು (ಮರದ ಒಳತಿರುಳು) ಪುಡಿ ಮಾಡಿ ಹಬೆಯಲ್ಲಿ ಇಳಿಸಿದ ಎಣ್ಣೆ ಬೇರೆ, ಎಣ್ಣೆ ಹೊಸದಾದಾಗ ಹೀಗೇ ಇರುತ್ತದೆ ಅಂತ. ಪಾಪ, "ನಿಂಗೇ ಗೊತ್ತಮ್ಮ" ಅಂತ ಒಳಗೆ ಹೋದರು. ನನಗೇನು ಗೊತ್ತಿತ್ತು, ಮಣ್ಣು. ಮೂಗಿನ ಹತ್ತಿರ ತಂದ ತಕ್ಷಣ ರಪ್ಪಂತ ಹೊಡೆಯುವುದು ಗಂಧವೇ ಅಲ್ಲ. ಕೃತಕ ಗಂಧದ ವಾಸನೆ ಹಾಗೆ ನುಗ್ಗುತ್ತದೆ. ಬೇರೆಯವರಿಗೆ ಇದನ್ನೇ ಹೇಳಿಕೊಟ್ಟವಳು ನಾನು.

ಆಗ ಕೈಯಲ್ಲೊಂದು ಮದುವೆ ಆರ್ಡರ್ ಇತ್ತು. 40 ಬಾಟಲಿ, 8 ಎಂಎಲ್‌ನವು, ಬಂದವರಿಗೆ ತಾಂಬೂಲದ ಜೊತೆ ಕೊಡಲು. ದುಂಡು ಮಲ್ಲಿಗೆಯ ಅಬ್ಸಲ್ಯೂಟ್ (ಹೂವಿನ ಗಟ್ಟಿ ಸಾರ), ದವನದ ಎಣ್ಣೆ, ತಳಕ್ಕೆ ಗಂಧ. ಮಲ್ಲಿಗೆ ಹಬೆಗೆ ಒಗ್ಗುವ ಹೂವಲ್ಲ, ದ್ರಾವಕದಲ್ಲಿ ಕರಗಿಸಿ ತೆಗೆಯಬೇಕು, ಅದಕ್ಕೇ ಆ ಬೆಲೆ. (ಹಬೆಯಲ್ಲಿ ಇಳಿಸಿದ ಮಲ್ಲಿಗೆ ಎಣ್ಣೆ ಅಂತ ಮಾರುವವರನ್ನು ಕಂಡರೆ ದಾರಿ ಬದಲಿಸಿ, ಅದು ಇನ್ನೊಂದು ದಿನದ ಜಗಳ.) ಎರಡು ವರ್ಷ ಜೋಪಾನ ಮಾಡಿದ್ದ 5 ಗ್ರಾಂ ಮಲ್ಲಿಗೆಯನ್ನು ಈ ಜಿಡ್ಡಿಗೆ ಸುರಿದೆ. ಐದು ವಾರ ಕತ್ತಲಲ್ಲಿ ಇಟ್ಟೆ. ಲೇಬಲ್ ಮೇಲೆ "ಪೂರ್ತಿ ನೈಸರ್ಗಿಕ" ಅಂತ ನನ್ನ ಕೈಬರಹದಲ್ಲೇ ಬರೆದೆ.

ಮದುವೆ ಆಗಿ ನಾಲ್ಕನೇ ದಿನಕ್ಕೆ ಹುಡುಗಿಯ ತಂದೆಯ ಫೋನ್. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಏನಿಲ್ಲಮ್ಮ, ಆ ಸೆಂಟು ಹಾಕ್ಕೊಂಡಿದ್ದೆ, ರೇಷ್ಮೆ ಪಂಚೆ ಮೇಲೆ ಎಣ್ಣೆ ಕಲೆ ಹಾಗೇ ಉಳಿದುಬಿಟ್ಟಿದೆ. ನಮ್ಮ ಬೀಗಿತ್ತಿಯವರ ಸೀರೆ ಮೇಲೂ ಅದೇ ಆಗಿದೆಯಂತೆ. ಹೇಗೆ ತೆಗೆಯೋದು ಅಂತ ಕೇಳೋಣ ಅಂತ."

ಕೈ ತಣ್ಣಗಾಯಿತು.

ಅವತ್ತು ರಾತ್ರಿ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ನಿಜವಾದ ಶ್ರೀಗಂಧದ ಎಣ್ಣೆ 70 ಶೇಕಡಾ ಆಲ್ಕೋಹಾಲಿನಲ್ಲಿ ಕರಗುತ್ತದೆ. ಒಂದು ಪಾಲು ಎಣ್ಣೆಗೆ ಐದು ಪಾಲು ಸಾಕು, ತಿಳಿಯಾಗಿರುತ್ತದೆ. ಕಲಬೆರಕೆಗೆ ಹಾಕುವ ಹರಳೆಣ್ಣೆ 95 ಶೇಕಡಾ ಆಲ್ಕೋಹಾಲಿನಲ್ಲಿ ಕರಗಿ ಸುಮ್ನೆ ಕೂತಿರುತ್ತದೆ, ಅದಕ್ಕೇ ನನ್ನ ಬಾಟಲಿಗಳು ಕನ್ನಡಿಯ ಹಾಗಿದ್ದವು. 70ರಲ್ಲಿ ಕರಗುವುದಿಲ್ಲ. ಅಳತೆಯ ಗಾಜಿಗೆ ಒಂದು ಎಂಎಲ್ ಬಿಟ್ಟೆ, ಐದು ಎಂಎಲ್ ಹಾಕಿದೆ, ಅಲ್ಲಾಡಿಸಿದೆ. ತಿಳಿ ಆಲ್ಕೋಹಾಲು ಮಜ್ಜಿಗೆಯಾಯಿತು. ಹಾಗೇ ನೋಡುತ್ತಾ ಕೂತೆ. ಇನ್ನೊಂದು ಸಲ ಮಾಡಿದೆ. ಮತ್ತೆ ಮಜ್ಜಿಗೆ. ಕಾಗದದ ಮೇಲೆ ಒಂದು ಹನಿ ಹಾಕಿಟ್ಟೆ. ಗಂಧ ಭಾರದ ಎಣ್ಣೆ, ನಿಧಾನವಾಗಿ ಆರುತ್ತದೆ, ಸರಿ. ಆದರೆ ಮೂರು ವಾರ ಆದರೂ ಆ ಕಾಗದ ವಡೆ ಕಟ್ಟಿಕೊಂಡು ಬಂದ ಪೇಪರಿನ ಹಾಗೇ ಇದೆ.

ಬೆಳಗ್ಗೆ ಅವರಿಗೆ ವಿಡಿಯೋ ಕಳಿಸಿದೆ. ಅವರ ಉತ್ತರಗಳನ್ನು ಇದ್ದ ಹಾಗೇ ಕೊಡುತ್ತೇನೆ, ನಿಮಗೂ ಇವೇ ಬರುತ್ತವೆ.

ಮೊದಲನೆಯದು: "ನ್ಯಾಚುರಲ್ ಅಂದ್ರೆ ಬ್ಯಾಚಿಂದ ಬ್ಯಾಚಿಗೆ ವ್ಯತ್ಯಾಸ ಇರುತ್ತೆ ಮೇಡಂ."

ಗಮನಿಸಿ, ಅಕ್ಕ ಹೋಗಿ ಮೇಡಂ ಬಂತು. ದುಡ್ಡು ಕೊಡುವವರೆಗೆ ಅಕ್ಕ, ಕೊಟ್ಟ ಮೇಲೆ ಮೇಡಂ.

ಬ್ಯಾಚ್ ಬೇರೆಯಾದರೆ ಗಂಧ ಮಜ್ಜಿಗೆ ಆಗುತ್ತಾ ಸರ್ ಅಂತ ಕೇಳಿದೆ. "ನಿಮ್ಮ ಆಲ್ಕೋಹಾಲ್ ಸರಿಯಿಲ್ಲ" ಅಂದರು. ಈ ಮಾತಿಗೆ ಒಂದು ಕ್ಷಣ ನಾನೂ ಹೆದರಿದೆ. ನಮಗೆ ಸಿಗುವ ಆಲ್ಕೋಹಾಲಿಗೆ ಏನೇನೋ ಬೆರೆಸಿರುತ್ತಾರೆ, ಇರಬಹುದೇನೋ. ದೇವರ ಮನೆಯಲ್ಲಿ ಸರ್ಕಾರಿ ಮಳಿಗೆಯಿಂದ ತಂದ 5 ಗ್ರಾಮಿನ ಹಳೇ ಸೀಸೆ ಇತ್ತು, ತಳದಲ್ಲಿ ಸ್ವಲ್ಪ ಉಳಿದಿತ್ತು. ಅದೇ ಆಲ್ಕೋಹಾಲು, ಅದೇ ಗಾಜು. ಸ್ಫಟಿಕದ ಹಾಗೆ ತಿಳಿ. ಅವರ ಸ್ಯಾಂಪಲ್‌ನಲ್ಲಿ ಉಳಿದಿದ್ದ ನಾಲ್ಕು ಹನಿಯನ್ನೂ ನೋಡಿದೆ. ಅದೂ ತಿಳಿ! ಸ್ಯಾಂಪಲ್ ಒಂದು, ಸರಕು ಇನ್ನೊಂದು. ಎರಡನ್ನೂ ಪಕ್ಕದಲ್ಲಿಟ್ಟು ಫೋಟೋ ಕಳಿಸಿದೆ.

ಎರಡು ದಿನ ಉತ್ತರ ಇಲ್ಲ. ಆಮೇಲೆ: "ತೆರೆದ ಬಾಟಲ್ ವಾಪಸ್ ತಗೊಳ್ಳಲ್ಲ ಮೇಡಂ." ತೆರೆಯದೆ ಹೇಗೆ ಪರೀಕ್ಷೆ ಮಾಡಲಿ ಅಂದೆ. "ನೀವು ಹೊಸಬರು. ಮೂಗು ಪಳಗೋಕೆ ಟೈಮ್ ಬೇಕು."

ಮೂಗು! ನಮ್ಮ ಅತ್ತೆಯ ಮೂಗಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಕೊನೆಗೆ ಬಂದದ್ದು ಇದು: "ಆ ರೇಟಿಗೆ ಅಪ್ಪಟ ಎಣ್ಣೆ ಎಲ್ಲಿ ಸಿಗುತ್ತೆ ಹೇಳಿ? ನಿಮಗೂ ಗೊತ್ತಿರಬೇಕಿತ್ತು. ಸುಮ್ನೆ ನಮ್ಮನಮ್ಮಲ್ಲಿ ಹೆಸರು ಕೆಡಿಸಬೇಡಿ."

ಇದನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಒಪ್ಪಿಕೊಂಡರಲ್ಲ ಇದರಲ್ಲಿ! ಆದರೆ ಒಪ್ಪಿಕೊಂಡದ್ದೂ ನನ್ನ ತಪ್ಪು ಅನ್ನುವ ಹಾಗೆ. ಮೋಸ ಮಾಡಿದ್ದಕ್ಕಲ್ಲ, ಅಗ್ಗಕ್ಕೆ ಆಸೆಪಟ್ಟಿದ್ದಕ್ಕೆ ನಾಚಿಕೆ ಆಗಬೇಕು ಅನ್ನುವ ಹಾಗೆ. ಮತ್ತೆ ನಾಚಿಕೆ ಆಯಿತು ಕೂಡ, ಅದೇ ತಮಾಷೆ. ನಾಲ್ಕು ದಿನ ಯಾರಿಗೂ ಹೇಳಲಿಲ್ಲ.

ಹೇಳಿದ ಮೇಲೆ ಗೊತ್ತಾಯಿತು. ಪುಣೆಯಲ್ಲಿರುವ ಒಬ್ಬ ಗೆಳತಿ ತನ್ನ ಹತ್ತಿರ ಇದ್ದ ರಿಪೋರ್ಟ್ ಕಳಿಸಿದಳು. ಎರಡು ವರ್ಷದ ಹಿಂದೆ, ಬೇರೆ ಬ್ಯಾಚಿನ ಗಂಧದ ಎಣ್ಣೆಗೆ, ಅದೇ ಮನುಷ್ಯ ಕೊಟ್ಟದ್ದು. ಅದೇ ರಿಪೋರ್ಟ್. ದಶಮಾಂಶದ ನಂತರದ ಅಂಕಿಯೂ ಅದೇ. ಅವಳೂ ಸುಮ್ಮನಿದ್ದಳಂತೆ, "ನನ್ನ ಮೂಗೇ ಸರಿಯಿಲ್ಲ ಅಂದ್ಕೊಂಡೆ ಕಣೇ" ಅಂದಳು. ಅವಳು ಎರಡು ವರ್ಷದ ಹಿಂದೆ ಬಾಯಿಬಿಟ್ಟಿದ್ದರೆ ನನ್ನ ಮಲ್ಲಿಗೆ ಉಳಿಯುತ್ತಿತ್ತು. ಅವಳ ಮೇಲೂ ಸ್ವಲ್ಪ ಸಿಟ್ಟಿದೆ, ಅವಳಿಗೂ ಹೇಳಿದ್ದೇನೆ.

ಇನ್ನೊಂದು ವಿಷಯ ಅವಳಿಂದಲೇ ಕಲಿತೆ. ರಿಪೋರ್ಟ್ ನಿಜವಾದರೂ ಪೂರ್ತಿ ನಂಬುವ ಹಾಗಿಲ್ಲ. ಲ್ಯಾಬಿನಲ್ಲಿ ಪರೀಕ್ಷೆ ಮಾಡುವ ಯಂತ್ರದಲ್ಲಿ ಆವಿಯಾಗುವುದು ಮಾತ್ರ ಕಾಣುತ್ತದೆ. ಹರಳೆಣ್ಣೆಯಂಥದ್ದು ಆವಿಯಾಗುವುದೇ ಇಲ್ಲ, ಹಾಗಾಗಿ ಶೇಕಡಾ ಲೆಕ್ಕಕ್ಕೂ ಬರುವುದಿಲ್ಲ. ಅದಕ್ಕೆ ಆಲ್ಕೋಹಾಲು, ಕಾಗದವೇ ಸರಿ. ಎರಡೂ ಹತ್ತು ರೂಪಾಯಿಯ ಕೆಲಸ.

ಹಾಗಾಗಿ, ಸ್ಯಾಂಪಲ್ ಅನ್ನು ಪೂರ್ತಿ ಖರ್ಚು ಮಾಡಬೇಡಿ, ನಾಲ್ಕು ಹನಿ ಉಳಿಸಿಕೊಳ್ಳಿ. ಬಾಟಲಿ ಬಂದ ದಿನವೇ ಎರಡನ್ನೂ ಜೊತೆಗಿಟ್ಟು ನೋಡಿ, ತೆರೆಯುವಾಗ ವಿಡಿಯೋ ಮಾಡಿ. ಬಿಲ್ಲು ಕೇಳಿ, ಬ್ಯಾಚ್ ನಂಬರ್ ಕೇಳಿ, ಗಂಧವಾದರೆ ಇಲಾಖೆಯ ಕಾಗದ ಕೇಳಿ. ಮುಖ ಕೆಡಿಸಿಕೊಂಡರೆ ಕೆಡಿಸಿಕೊಳ್ಳಲಿ. ಅಕ್ಕ, ತಂಗಿ ಅನ್ನುವವರ ಹತ್ತಿರ ಎರಡು ಸಲ ಕೇಳಿ.

ದುಡ್ಡು ವಾಪಸ್ ಬಂದಿಲ್ಲ, ಬರುವುದೂ ಇಲ್ಲ. ನನ್ನ ನಂಬರ್ ಬ್ಲಾಕ್ ಆಗಿದೆ. ಪಂಚೆ, ಸೀರೆ ಎರಡನ್ನೂ ಡ್ರೈಕ್ಲೀನಿಂಗಿಗೆ ನಾನೇ ಕೊಟ್ಟು ಬಂದೆ. ಮದುವೆಗೆ ಬಂದವರ ಪಟ್ಟಿ ಹುಡುಗಿಯ ತಂದೆಯಿಂದಲೇ ಇಸಿದುಕೊಂಡೆ. ಒಬ್ಬೊಬ್ಬರಿಗೂ ಫೋನ್ ಮಾಡಿ, ಅದು ನೈಸರ್ಗಿಕ ಅಲ್ಲ, ರೇಷ್ಮೆಗೆ ಹಾಕಬೇಡಿ, ಬಾಟಲಿ ವಾಪಸ್ ಕೊಡಿ ಅಂತ ಹೇಳುತ್ತಿದ್ದೇನೆ. 40ರಲ್ಲಿ 31 ಮುಗಿದಿದೆ. ಉಳಿದ ಒಂಬತ್ತರಲ್ಲಿ ಒಬ್ಬರು ನನ್ನ ಮಗಳ ಕ್ಲಾಸ್ ಟೀಚರ್. ಅವರದ್ದನ್ನು ಮೂರು ದಿನದಿಂದ ನಾಳೆ ನಾಳೆ ಅಂತ ಮುಂದೆ ಹಾಕುತ್ತಿದ್ದೇನೆ.